ಎತ್ತಿದ ಅಂಗೈ ಒಪ್ಪಿಗೆಯಾಯಿತೇ?

ಮಾನ್ಯ ಜಿಲ್ಲಾ ನ್ಯಾಯಾಧೀಶರೇ,

ಜೂರಕಾನಳ ಪರಿಹಾರದ ದಾವೆಯನ್ನು ತಾವು ವಿಚಾರಣೆಯೇ ಇಲ್ಲದೆ ವಜಾ ಮಾಡಿದಿರಿ. ಕಾರಣ? ಆಕೆ ರಾಜಿಪತ್ರಕ್ಕೆ ರುಜು ಹಾಕಿದ್ದಾಳೆ, ಮುಂದೆಂದೂ ಯಾವ ಹಕ್ಕನ್ನೂ ಕೇಳೆನೆಂದು ಬರೆದುಕೊಟ್ಟಿದ್ದಾಳೆ, ಅದರ ಮೇಲೆ ಊರ ಹಿರಿಯರ ಮಂಡಳಿಯ ಮೊಹರಿದೆ. ಆಹಾ, ಎಂಥ ಗಟ್ಟಿ ದಾಖಲೆ! ಅದನ್ನು ಗಟ್ಟಿ ಮಾಡಿದ ಪಾಪಿಯೇ ಈ ಪತ್ರ ಬರೆಯುತ್ತಿದ್ದಾನೆ. ಆ ಮಂಡಳಿಯ ಅಧ್ಯಕ್ಷ ನಾನು.

ಈ ವಸಂತದಲ್ಲಿ ನಮ್ಮೂರಿನ ಶಾರ್ಶೆನ್ ಎಂಬವನ ಉಣ್ಣೆ ಹಿಂಜುವ ಯಂತ್ರಕ್ಕೆ ಜೂರಕಾನಳ ಬಲಗೈ ಸಿಕ್ಕಿತು. ಯಂತ್ರದ ಮುಚ್ಚಳ ಮುರಿದಿದ್ದು ಊರಿಗೆಲ್ಲ ಗೊತ್ತಿತ್ತು. ಉಣ್ಣೆಯ ನೆಲಹಾಸು ಹೊಲಿದು ಬದುಕುವವಳು ಆಕೆ. ಬಾವು ಇಳಿಯುವ ಮೊದಲೇ, ವೈದ್ಯರು ನೋಡುವ ಮೊದಲೇ, ಶಾರ್ಶೆನ್ ಕುರಿ ಕಡಿದು ನಮ್ಮನ್ನೆಲ್ಲ ರಾಜಿಯ ಊಟಕ್ಕೆ ಕೂರಿಸಿದ.

"ಹಾಲು ಕೊಡೋ ಕುದುರೆ ಕಣಮ್ಮ, ಪರಿಹಾರ ಅಂತ ಮರಿ ಸಮೇತ ಹೊಡ್ಕೊಂಡು ಹೋಗು! ನಿನ್ನ ಕೈಗಿಂತ ಅದರ ಕಾಲೇ ಚೆನ್ನಾಗಿದೆ," ಎಂದು ನಕ್ಕ.

"ತಾತ, ಒಂದು ಮಾತು. ಬೆರಳು ಮಡಚೋಕೇ ಆಗ್ತಿಲ್ಲ. ಡಾಕ್ಟರು ನೋಡ್ಲಿ, ಆಮೇಲೆ..."

"ಮಾಂಸ ಆರಿಹೋಗ್ತಿದೆ ಮಗಳೇ!" ಎಂದವನು ನಾನು. ಎಂದವನೇ ಎರಡೂ ಅಂಗೈ ಚಾಚಿ ಹರಸುವ ಮಾತು ಶುರುಮಾಡಿಬಿಟ್ಟೆ. ನಟನಾಗಿದ್ದಾಗ ನಾಟಕಶಾಲೆಯ ಕೊನೇ ಸಾಲನ್ನು ನಡುಗಿಸಿದ ಗಂಟಲು ಇದು! ಹಿರಿಯ ಅಂಗೈ ಚಾಚಿದ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂರುವ ಕಿರ್ಗಿಜರು ಯಾರಿದ್ದಾರೆ, ಹೇಳಿ? ಎಲ್ಲರೂ ಎತ್ತಿದರು. ಬಟ್ಟೆ ಸುತ್ತಿದ ಕೈಯನ್ನು ಆಕೆಯೂ ಎತ್ತಿದಳು. ಹರಸಿದ್ದು ಮುಗಿದ ಮೇಲೆ ಪದ್ಧತಿಯಂತೆ ಎಲ್ಲರೂ ಮುಖ ಸವರಿಕೊಂಡೆವು. "ಒಪ್ಪಿದಳು!" ಎಂದು ನಾನೇ ಸಾರಿದೆ. ಲೇಖನಿಯನ್ನು ಆಕೆಯ ಎಡಗೈಗೆ ಕೊಟ್ಟರು. ಆ ರುಜು ಯಾಕಷ್ಟು ಸೊಟ್ಟಗಿದೆ ಎಂದು ತಾವಾದರೂ ಕೇಳಬಹುದಿತ್ತಲ್ಲ, ಸ್ವಾಮಿ?

ರಾಜಿ ಮುರಿಯಬಾರದು, ಬಲ್ಲೆ. ಮುರಿಯುತ್ತ ಹೋದರೆ ನಮ್ಮ ಹುಲ್ಲುಗಾವಲಿನ ಜಗಳಗಳು ಮೊಮ್ಮಕ್ಕಳ ಕಾಲಕ್ಕೂ ಮುಗಿಯಲಾರವು. ಬದ್ಧ ವೈರಿಗಳಿಗೆ ಒಂದೇ ಬಟ್ಟಲಿನಿಂದ ಕುಡಿಸಿದವನು ನಾನು. ಆದರೆ ಎಷ್ಟು ನಷ್ಟವಾಗಿದೆ ಎಂದು ತಿಳಿಯದವಳು ಬಿಟ್ಟುಕೊಟ್ಟದ್ದಾದರೂ ಏನನ್ನು? ಬಾಯಿ ತೆರೆದವಳನ್ನು ಆಶೀರ್ವಾದದಿಂದ ಮುಚ್ಚಿಸಿ ಪಡೆದದ್ದಕ್ಕೆ ಒಪ್ಪಂದ ಎಂಬ ಹೆಸರೇ?

ಈಗ ವೈದ್ಯರು ನರ ತುಂಡಾಗಿದೆ, ಬೇಗ ಶಸ್ತ್ರಚಿಕಿತ್ಸೆಯಾಗದಿದ್ದರೆ ಕೈ ಹೋಯಿತು ಎನ್ನುತ್ತಾರೆ. ಖರ್ಚು ಕೇಳಿದರೆ ಶಾರ್ಶೆನ್ "ರಾಜಿ ಓದ್ಕೊಂಡು ಬಾ, ಹೋಗು" ಎನ್ನುತ್ತಾನೆ. ತಾವೂ ಅದನ್ನೇ ಅಂದಿರಿ, ಕೊಂಚ ಮರ್ಯಾದೆಯ ಭಾಷೆಯಲ್ಲಿ.

ಮೊನ್ನೆ ನೆರೆಮನೆಯ ತೊಟ್ಟಿಲ ಊಟದಲ್ಲಿ ಮತ್ತೆ ನನ್ನದೇ ಆಶೀರ್ವಾದ. ಎಲ್ಲರ ಅಂಗೈಗಳೂ ತೆರೆದವು. ಜೂರಕಾನಳ ಬಲಗೈ ಮುದುಡಿಯೇ ಇತ್ತು.

"ನೋಡಿ ತಾತ," ಎಂದಳು ಮೆಲ್ಲಗೆ, "ಇವತ್ತು ಒಪ್ಪಿಗೆ ಕೊಡೋಕೂ ಬರ್ತಿಲ್ಲ."

ಚಾಚಿದ ಅಂಗೈ ಮಡಚಿಕೊಂಡು, ಹರಸದೆಯೇ ಎದ್ದು ಬಂದೆ.

ಆದ್ದರಿಂದ ಆ ದಾವೆಯನ್ನು ಮತ್ತೆ ತೆರೆಯಿರಿ. ಮೊದಲ ಸಾಕ್ಷಿಯಾಗಿ ನನ್ನನ್ನು ಕರೆಯಿರಿ, ಶಾರ್ಶೆನ್‌ನ ಎದುರೇ ಎಲ್ಲ ಹೇಳುತ್ತೇನೆ. ಆಮೇಲೆ ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಆಕೆ ಅಂದು ಶುರುಮಾಡಿದ ಆ ಒಂದು ಮಾತನ್ನು ಪೂರ್ತಿ ಕೇಳಿ.

ಇಂತಿ,
ಅದನ್ನು ಕೇಳದೆಯೇ ಹರಸಿದ ಮುದುಕ,
ಕಾಲ್ಮುರ್ಜಾ