‘ಕೆಳಗಿನವನು’ ಚಿತ್ರದ ಕೊನೆಯ ಐದು ನಿಮಿಷ

ಫೆಬ್ರವರಿ 30, 2319
ಕೋಲಾರ ಗಣಿಯೂರು, ಎಂಟನೆಯ ಮಜಲು

ಹಿಂದಿನವರಿಗೆ ನಮಸ್ಕಾರ.

ತಾರೀಖು ನೋಡಿ ಈ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನೆಲದ ಕೆಳಗೆ ಮಳೆಗಾಲ ಚಳಿಗಾಲಗಳ ಗೊಡವೆಯಿಲ್ಲ. ಹಾಗಾಗಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು. ಹಳೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಹಾಗೆ ಬರೆಯಲು ನೋಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ವೆಂಕಟಲಕ್ಷ್ಮಿ. ಮಜಲುಗಳ ನಡುವೆ ಓಡಾಡುವ ಲಿಫ್ಟನ್ನು ಮೂವತ್ತೊಂದು ವರ್ಷ ನಡೆಸಿ ನಿವೃತ್ತಳಾದವಳು. ಸಿನಿಮಾದ ಬಗ್ಗೆ ನನಗೆ ಪಾಂಡಿತ್ಯವೇನೂ ಇಲ್ಲ, ಅಭಿಪ್ರಾಯಕ್ಕೆ ಮಾತ್ರ ಯಾವತ್ತೂ ಕೊರತೆಯಾಗಿಲ್ಲ.

ನಿಮ್ಮ ಕಾಲದ ‘ಕೆಳಗಿನವನು’ ಎಂಬ ಚಿತ್ರ ನಮ್ಮವರೆಗೆ ಉಳಿದುಬಂದಿದೆ. ಮುಚ್ಚಿದ ಗಣಿಯೊಂದಕ್ಕೆ ಆರು ಜನ ವಿಜ್ಞಾನಿಗಳು ಇಳಿಯುತ್ತಾರೆ. ಕತ್ತಲಲ್ಲಿರುವ ಏನೋ ಒಂದು ಅವರ ದನಿಗಳನ್ನೇ ಕಲಿತು, ಹೆಸರು ಹಿಡಿದು ಕರೆದು, ಒಬ್ಬೊಬ್ಬರನ್ನಾಗಿ ನುಂಗುತ್ತದೆ. ನೀವು ಇದನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ್ದಿರಂತೆ. ನಮ್ಮ ಮಕ್ಕಳು ನಗುತ್ತಾರೆ. ಅವರು ಹುಟ್ಟಿದ್ದೇ ಕತ್ತಲಲ್ಲಿ. ಪರದೆಯ ಮೇಲೆ ದೀಪ ಆರಿದರೆ ಮಲಗುವ ಹೊತ್ತಾಯಿತೆಂದು ಆಕಳಿಸುತ್ತಾರೆ, ಆ ಭೂತ ಬಾಯಿ ತೆರೆದರೆ ಹಲ್ಲುಜ್ಜು ಹೋಗು ಎಂದು ಗೇಲಿ ಮಾಡುತ್ತಾರೆ.

ನಮ್ಮ ಚಿತ್ರಮಂದಿರದಲ್ಲಿ ಉಸಿರುಕಾವಲು ಎಂಬ ಯಂತ್ರವೊಂದಿದೆ. ಇಲ್ಲಿ ಗಾಳಿ ಅಳತೆಯದು. ಜನ ಬೆದರಿ ಏದುಸಿರು ಬಿಡತೊಡಗಿದರೆ ಯಂತ್ರ ಪರದೆಯನ್ನು ಆರಿಸಿ ದೀಪ ಹಾಕುತ್ತದೆ, ನಾವು ಸಾಲಾಗಿ ಎದ್ದು ಮನೆಗೆ ಹೋಗುತ್ತೇವೆ. ನಿಮ್ಮ ಚಿತ್ರ ಭೂತ ಸಾಯುವವರೆಗೂ ನಿರಾತಂಕವಾಗಿ ಓಡುತ್ತದೆ. ಆಮೇಲೆ, ಬದುಕಿ ಉಳಿದ ಒಬ್ಬಳೇ ಒಬ್ಬಳು ಏಣಿ ಹತ್ತಿ ಬಂದು ಕಬ್ಬಿಣದ ಬಾಗಿಲನ್ನು ತಳ್ಳುತ್ತಾಳೆ. ಮಟಮಟ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗುತ್ತದೆ. ಆಗ ಇಡೀ ಮಂದಿರ ಕಿಟಾರನೆ ಕಿರುಚುತ್ತದೆ. ನಮ್ಮ ಕಾಲದಲ್ಲಿ ಹೊರಗಿನ ಮಧ್ಯಾಹ್ನವೆಂದರೆ ಹತ್ತು ನಿಮಿಷದಲ್ಲಿ ಸಾವು. ಪರದೆ ಆರಿಹೋಗುತ್ತದೆ. ನನ್ನ ಅಜ್ಜಿಯ ಕಾಲದಿಂದ ಯಾರೂ ಆ ಬಾಗಿಲಿನ ಆಚೆ ನೋಡಿಲ್ಲ. ಪಾಪ, ಭೂತದಿಂದ ಪಾರಾದವಳು ಬಿಸಿಲಿಗೆ ಸತ್ತಳು, ಅಷ್ಟೇ ಕತೆ ಎಂದು ನಾವೆಲ್ಲ ನಂಬಿದ್ದೆವು.

ಈ ಚಿತ್ರವನ್ನು ನನ್ನ ತಮ್ಮನ ಮಗಳು ಮಂದಾರ ಆರು ವರ್ಷ ಕೂತು ಹೊಸದಾಗಿ ಮಾಡಿದಳು. ಅವಳ ಭೂತ ಬರುವುದು ಮೇಲಿನಿಂದ, ಬೆಳಕಿನ ರೂಪದಲ್ಲಿ, ಗಾಳಿಕಿಂಡಿಗಳೊಳಗಿಂದ. ನಮ್ಮ ಹುಡುಗಿ ಎಂದು ಹೊಗಳುತ್ತಿಲ್ಲ, ಬಾಗಿಲ ಸಂದಿನಿಂದ ಬೆಳಕಿನ ಎಳೆಯೊಂದು ಮಲಗಿದ ಮಗುವಿನ ಕಡೆ ತೆವಳುವಾಗ ನಾನು ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡೆ. ಉಸಿರುಕಾವಲು ಎಚ್ಚರವಾಗದಷ್ಟೇ ಭಯವನ್ನು, ಸಾರಿಗೆ ಉಪ್ಪು ಹಾಕುವಷ್ಟು ಹದವಾಗಿ ಹಾಕಿದ್ದಾಳೆ. ಕೊನೆಗೆ ನಾಯಕಿ ಬಾಗಿಲು ಭದ್ರಪಡಿಸುತ್ತಾಳೆ, ಎಲ್ಲರೂ ಕೂತು ಮುದ್ದೆ ಉಣ್ಣುತ್ತಾರೆ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ನಮ್ಮಲ್ಲೊಂದು ಪದ್ಧತಿಯಿದೆ. ಚಿತ್ರಗಳನ್ನು ಕಾಪಿಡುವ ಕತೆಗೂಡಿನಲ್ಲಿ ಜಾಗ ಕಡಿಮೆ, ಒಂದು ಕತೆಗೆ ಒಂದೇ ಚಿತ್ರ. ಹೊಸದು ಬಂದಾಗ ಚೀಟಿ ಎತ್ತಿ ಹಿರಿಯರೊಬ್ಬರನ್ನು ಆರಿಸುತ್ತಾರೆ. ಅವರು ಎರಡನ್ನೂ ನೋಡಿ ಒಂದನ್ನು ಉಳಿಸಬೇಕು, ಇನ್ನೊಂದನ್ನು ಅಳಿಸುತ್ತಾರೆ. ಇದಕ್ಕೆ ಎದುರುನೋಟ ಎನ್ನುತ್ತೇವೆ. ಚೀಟಿಯಲ್ಲಿ ನನ್ನ ಹೆಸರು ಬಂತು. ಮಂದಾರ ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಒಂದು ವಾರ ದಿನವೂ ಹುರುಳಿ ಬಸ್ಸಾರು ತಂದುಕೊಟ್ಟಳು. ಅರ್ಥವಾಗದಷ್ಟು ದಡ್ಡಿಯೇನಲ್ಲ ನಾನು. ಸಾರು ಚೆನ್ನಾಗಿತ್ತು, ತಿಂದೆ.

ಆದರೆ ಪೂರ್ತಿ ನೋಡದೆ ತೀರ್ಪು ಹೇಳುವ ಜಾಯಮಾನ ನನ್ನದಲ್ಲ. ಲಿಫ್ಟಿನ ಕೆಲಸಕ್ಕೆ ಕೊಟ್ಟಿದ್ದ ಮುಖವಾಡ, ಗಾಳಿ ಸಿಲಿಂಡರ್ ಇನ್ನೂ ಮನೆಯಲ್ಲಿದ್ದವು. ಅವನ್ನು ತೊಟ್ಟು ಮಂದಿರದಲ್ಲಿ ಒಬ್ಬಳೇ ಕೂತೆ. ಬಾಗಿಲು ತೆರೆದಾಗ ನನಗೂ ಏದುಸಿರು ಬಂತು, ಆದರೆ ಅದು ಯಂತ್ರಕ್ಕೆ ತಿಳಿಯಲಿಲ್ಲ. ಪರದೆ ಆರಲಿಲ್ಲ.

ಅವಳು ಸಾಯುವುದಿಲ್ಲ. ಬೂಟು ಕಳಚಿ ಎಸೆದು, ಕೊಯ್ಲಾದ ಹೊಲದಲ್ಲಿ ಬರಿಗಾಲಲ್ಲಿ ನಡೆದು ಹೋಗುತ್ತಾಳೆ. ಹೊಂಗೆ ಮರದ ಬುಡದಲ್ಲಿ ಕೂರುತ್ತಾಳೆ. ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು ನಿಂತು ನೀರು ಕೊಡುತ್ತಾಳೆ. ಆಮೇಲೆ ಏನೂ ನಡೆಯುವುದಿಲ್ಲ. ಐದು ನಿಮಿಷ ಅವಳು ಸುಮ್ಮನೆ ಕೂತಿರುತ್ತಾಳೆ, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ಮುಖವಾಡದ ಗಾಜು ಮಬ್ಬಾಗಿ ಕೊನೆಯ ಹೆಸರುಗಳು ಕಾಣಿಸಲೇ ಇಲ್ಲ.

ಮಂದಾರಳ ಚಿತ್ರದ ಭಯ ನಿಜವಾದ ಭಯ, ನಮ್ಮದೇ ಭಯ. ಆದರೆ ಅವಳ ಸಮಾಧಾನ ಮುಚ್ಚಿದ ಬಾಗಿಲಿನಲ್ಲಿದೆ. ಅದೊಂದೇ ಉಳಿದರೆ, ಬಾಗಿಲನ್ನು ತೆರೆಯುವುದಕ್ಕೂ ಇಟ್ಟಿರುತ್ತಾರೆಂದು ನಮ್ಮ ಮರಿಮಕ್ಕಳಿಗೆ ತಿಳಿಯುವುದೇ ಇಲ್ಲ. ಹಳೆಯದು ಉಳಿಯಲಿ ಎಂದು ಬರೆದುಕೊಟ್ಟೆ. ಬರುವ ಸೋಮವಾರ ಅವಳ ಆರು ವರ್ಷವನ್ನು ಅಳಿಸುತ್ತಾರೆ.

ಬೇರೆಯವರಿಂದ ತಿಳಿಯುವುದು ಬೇಡವೆಂದು ನಾನೇ ಹೋಗಿ ಹೇಳಿದೆ. ಅವಳು ಮುಖ ಸಿಂಡರಿಸಿಕೊಂಡು, “ಬೇರೆ ಯಾರಾದ್ರೂ ಆಗಿದ್ರೆ ಸರಿ ಅತ್ತೆ. ನೀವೇ ಹಿಂಗ್ ಮಾಡೋದಾ?” ಎಂದಳು. ನಾನು ಅವಳಿಗೆ ಮುಖವಾಡ ತೊಡಿಸಿ, ಹಳೆಯ ಚಿತ್ರ ಹಾಕಿಸಿ ಮಂದಿರದಲ್ಲಿ ಕೂರಿಸಿ ಬಾಗಿಲ ಬಳಿ ಕಾದೆ. ಕೊನೆಯನ್ನೇ ನೋಡದ ಚಿತ್ರವನ್ನು ಅವಳು ಮತ್ತೆ ಮಾಡಿದ್ದಳು, ಅದು ತಪ್ಪೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಹೊರಗೆ ಬಂದು ಮುಖವಾಡ ಕಳಚಿ ಮೆಟ್ಟಿಲ ಮೇಲೆ ಕೂತಳು. ಜಗಳಕ್ಕೆ ನಾನು ತಯಾರಾಗಿಯೇ ಇದ್ದೆ. ಅವಳು ಕೇಳಿದ್ದು ಒಂದೇ ಮಾತು: “ಅತ್ತೆ, ಆಯಮ್ಮನಿಗೆ ಕಾಲು ಸುಡಲಿಲ್ವಾ?”

ನನಗೆ ಗೊತ್ತಿರಲಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತು. ದಯವಿಟ್ಟು ಒಂದು ದಿನ ಮಧ್ಯಾಹ್ನ ಚಪ್ಪಲಿ ಬಿಟ್ಟು ಹೊಲದಲ್ಲಿ ನಿಂತು, ನೆಲ ಹೇಗಿತ್ತೆಂದು, ಎಷ್ಟು ಬಿಸಿ, ಎಲ್ಲಿ ಚುಚ್ಚಿತು ಎಂದು, ಬಹುಕಾಲ ಉಳಿಯುವಂಥ ಕಡೆ ಬರೆದಿಡಿ. ಮಂದಾರ ಮತ್ತೆ ಚಿತ್ರ ಮಾಡುತ್ತಾಳಂತೆ, ಈ ಸಲ ಬಾಗಿಲು ತೆರೆದು. ಕಾಲನ್ನು ಹೇಗೆ ಊರಬೇಕೆಂದು ನಟಿಗೆ ಹೇಳಿಕೊಡಲು ನಮ್ಮಲ್ಲಿ ಯಾರೂ ಇಲ್ಲ.

ನಿಮ್ಮ ಮುಂದಿನವಳು,
ವೆಂಕಟಲಕ್ಷ್ಮಿ