ಎರೆ ಕಟ್ಟಲು ಬಾರದ ಭಾವನವರಿಗೆ

ಮಹಾನುಭಾವರಾದ ಭಾವನವರಿಗೆ,

ನಿಮ್ಮ ನಾದಿನಿ ಕೈಮುಗಿಯದೆಯೇ ಬರೆಯುವುದೇನೆಂದರೆ, ಐಸ್ ಗಾಡಿಯವನ ಬಳಿ ನೀವು ಹೇಳಿ ಕಳಿಸಿದ್ದು ತಲುಪಿತು. ನಮಗೀಗ ಏಡಿ ಚೆನ್ನಾಗಿ ಬೀಳುತ್ತಿದೆಯೆಂದು ಕೇಳಿ ನಿಮಗೆ ಸಂತೋಷವಾಯಿತಂತೆ. ಬಂದು ದೋಣಿಯ ಜವಾಬ್ದಾರಿ ಹೊರುತ್ತೀರಂತೆ, ಹಳೆಯದನ್ನೆಲ್ಲ ಮರೆತು ಅಕ್ಕನನ್ನು ಕ್ಷಮಿಸುತ್ತೀರಂತೆ. ಕ್ಷಮಿಸುವ ಮಾತು ಕೇಳಿ ನಗಬೇಕೋ, ಕೈಯಲ್ಲಿದ್ದ ಮೀನಿನ ತಲೆಯನ್ನು ಗಾಡಿಯವನ ಮುಖಕ್ಕೆ ಎಸೆಯಬೇಕೋ ತಿಳಿಯಲಿಲ್ಲ. ಪಾಪ, ಅವನದೇನು ತಪ್ಪು.

ಅಪ್ಪನ ಭುಜ ನೋವಿಗೆ ಮೇಲೇಳದಂತಾಗಿ, ದೋಣಿ ಮನೆಅಳಿಯನಾದ ನಿಮ್ಮ ಕೈಗೆ ಬಂದ ದಿನವೇ ನೀವು ಏಡಿಗಳ ಮನಸ್ಸು ಬಲ್ಲ ಪಂಡಿತರಾದಿರಿ. ಏಡಿಯ ಎರೆಗೆಂದು ಮಾರುಕಟ್ಟೆಯಲ್ಲಿ ಬೆಕ್ಕೂ ಮೂಸದ ಮೀನನ್ನು ಆರಿಸಿ ತಂದು, ಡಬ್ಬಿಗೆ ಹಾಕಿ, ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ಬಿಸಿಲಿಗಿಟ್ಟು ಕೊಳೆಸುತ್ತಿದ್ದಿರಿ. "ಏಡಿಗೆ ನಾತವೇ ಬೇಕು, ಅದಕ್ಕೇನು ರುಚಿ ಗೊತ್ತಾಗುತ್ತೆ" ಎಂದು ಪಾಠ ಬೇರೆ. ಅಪ್ಪ ಒಮ್ಮೆ ಮೆಲ್ಲಗೆ, "ಹಸಿ ಮೀನಿನ ತಲೆ ಹಾಕಿ ನೋಡಿ ಅಳಿಯಂದಿರೇ, ಎಲುಬು ಗಟ್ಟಿ ಇರುತ್ತೆ, ಕಟ್ಟಿದ್ರೆ ನಿಲ್ಲುತ್ತೆ" ಎಂದರು. "ನಿಮ್ಮ ಕಾಲ ಬೇರೆ ಮಾವ" ಎಂದು ನೀವು ಸಿಗರೇಟು ಹಚ್ಚಿದಿರಿ. ಅಳಿಯನಿಗೆ ಎರಡನೇ ಸಲ ಹೇಳುವುದು ಮರ್ಯಾದೆಯಲ್ಲವೆಂದು ಅಪ್ಪ ಸುಮ್ಮನಾದರು. ನನಗೆ ಆ ಮರ್ಯಾದೆಯ ಕಾಟ ಇಲ್ಲ.

ಇನ್ನು ನೀವು ಎರೆ ಕಟ್ಟುತ್ತಿದ್ದ ಚಂದ. ತಂತಿಯ ಚೌಕಟ್ಟಿಗೆ ಬಲೆ ಬಿಗಿದ ಏಡಿ ಬೋನಿನೊಳಕ್ಕೆ ಕೈ ತೂರಿಸಿದರೆ ತಂತಿ ತರಚುತ್ತದೆಂದು, ಎರೆಯನ್ನು ಪಕ್ಕದ ಬಲೆಗೇ ಒಂದು ದಾರದಲ್ಲಿ ಸುತ್ತಿ ಬಿಡುತ್ತಿದ್ದಿರಿ. "ನಡುವೆ ಕಟ್ರೀ, ಒಳಗೆ ಹೋಗದೆ ಏಡಿಗೆ ಎರೆ ಸಿಗಬಾರದು" ಎಂದಳು ಅಕ್ಕ. "ನೀನು ಬಾಯಿ ಹಾಕಿದ ಕೆಲಸ ಉದ್ಧಾರ ಆದ ಹಾಗೇ" ಎಂದು ನಿಮ್ಮ ಉತ್ತರ. ಬೋನುಗಳು ಖಾಲಿ ಬರತೊಡಗಿದವು. ಎರೆಯೂ ಇಲ್ಲ, ಏಡಿಯೂ ಇಲ್ಲ. ಕಾರಣ ಮಾತ್ರ ನಿಮಗೆ ಥಟ್ಟನೆ ಹೊಳೆಯಿತು: ಅಕ್ಕನ ಕೆಟ್ಟ ಕೈಗುಣ. ಅವಳು ಬೋನು ಮುಟ್ಟಿದ್ದಕ್ಕೇ ಹೀಗಾಯಿತೆಂದು ದೋಣಿಕಟ್ಟೆಯಲ್ಲಿ ಎಲ್ಲರೆದುರು ಹೇಳಿದಿರಿ.

ಅವಳು ಅದನ್ನು ನಂಬಿದಳು. ಒಣಹಾಕಿದ ಬಲೆಯನ್ನೂ ಮುಟ್ಟದಂತೆ ಸುತ್ತಿ ಬಳಸಿ ನಡೆಯತೊಡಗಿದಳು. ಅನ್ನಕ್ಕೆ ನೀರಿಡುವಾಗಲೂ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಇವಳಿರೋ ಮನೇಲಿ ನನಗೆ ಏಳಿಗೆಯಿಲ್ಲ" ಎಂದು ನೀವು ಬಟ್ಟೆ ತುಂಬಿಕೊಂಡು ಹೊರಟಾಗ ಅವಳು ತಡೆಯಲಿಲ್ಲ. ಅದನ್ನು ನೀವು ಸೊಕ್ಕು ಎಂದುಕೊಂಡಿರಿ. ಮುಟ್ಟಿದರೆ ನಿಮಗೆ ಇನ್ನೂ ಕೆಡುಕಾದೀತೆಂದು ಹೆದರಿದ್ದಳು, ಅಷ್ಟೇ.

ನೀವು ಎರೆ ಕಟ್ಟಿಟ್ಟಿದ್ದ ಒಂದು ಬೋನು ಉಳಿದಿತ್ತು. ಮರುದಿನ ಅದನ್ನು ಕಟ್ಟೆಯ ಮೆಟ್ಟಿಲ ಬಳಿ, ತಳ ಕಾಣುವ ನೀರಿಗೆ ಇಳಿಸಿ, ಅಕ್ಕನನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡೆ. ನಿಮ್ಮ ನಾತಕ್ಕೆ ಹೆಚ್ಚೇನೂ ಏಡಿ ಬರಲಿಲ್ಲ. ಬಂದ ಮೂರ್ನಾಲ್ಕರಲ್ಲಿ ಒಂದೂ ಒಳಗೆ ಹೋಗಲಿಲ್ಲ. ಹೋಟೆಲಿಗೆ ಬಂದ ಗಿರಾಕಿಗಳ ಹಾಗೆ ಹೊರಗೇ ಕುಳಿತು, ಬಲೆಯ ಕಣ್ಣುಗಳಿಂದ ಎರೆಯನ್ನು ಕಿತ್ತು ತಿಂದು, ಬಿಲ್ಲು ಕೊಡದೆ ಹೊರಟುಹೋದವು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅಕ್ಕ ನಗಲಿಲ್ಲ. ಬರೀ ದಾರವನ್ನೇ ನೋಡುತ್ತಾ, "ಹಾಗಾದ್ರೆ ನಾನಲ್ಲ, ಅಲ್ವೇನೇ?" ಎಂದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು. ಭಾವನವರೇ, ಅಲ್ಲಿಯವರೆಗೆ ನಿಮ್ಮ ಮೇಲೆ ನನಗಿದ್ದದ್ದು ಸಿಟ್ಟು. ಆಮೇಲೆ ಹೇಸಿಗೆ.

ಈಗ ಎರೆ ಆರಿಸುವವಳೂ ಕಟ್ಟುವವಳೂ ಅವಳೇ. ಕಿವಿರು ಕೆಂಪಗಿರುವ ತಲೆಗಳನ್ನೇ ಹೆಕ್ಕುತ್ತಾಳೆ. ತಂತಿಯನ್ನು ಬಾಯೊಳಗೆ ತೂರಿಸಿ, ಕಣ್ಣಿನ ಗುಳಿಯಿಂದ ಹೊರಗೆಳೆದು, ಬೋನಿನ ತಳದ ನಟ್ಟನಡುವೆ ಬಿಗಿದು, ಜಗ್ಗಿ ನೋಡುತ್ತಾಳೆ. ಕೈತುಂಬ ತರಚು ಗಾಯ. ಅದನ್ನು ಯಾರಿಗೂ ತೋರಿಸಿಕೊಂಡು ತಿರುಗುವುದಿಲ್ಲ.

ನೀವು ಹೇಳಿ ಕಳಿಸಿದ್ದನ್ನು ತಿಳಿಸಿದಾಗ ಅವಳು ಆ ಕೆಲಸದಲ್ಲೇ ಇದ್ದಳು. ಕೈ ನಿಲ್ಲಲಿಲ್ಲ. "ಊಟಗೀಟ ಸರಿಯಾಗಿ ಮಾಡ್ತಾರಂತಾ?" ಎಂದು ಕೇಳಿದಳು. ಇದನ್ನು ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತಿದೆ, ಆದರೂ ನೀವು ಕಳೆದುಕೊಂಡದ್ದು ಏನೆಂದು ನಿಮಗೆ ಗೊತ್ತಿರಲಿ. ಇನ್ನೊಂದು ತಲೆಗೆ ತಂತಿ ಪೋಣಿಸಿದ ಮೇಲೆ ಹೇಳಿದಳು: "ಬರೋದು ಬೇಡ ಅಂತ ಬರಿ. ಬೈದು ಬರೀಬೇಡ."

ಬರಬೇಡಿ. ಪತ್ರದಲ್ಲಿ ಅವಳ ಮಾತು ಇದೊಂದೇ, ಉಳಿದದ್ದೆಲ್ಲ ನನ್ನದು.

ನಿಮಗೆ ಆಯುಸ್ಸು, ಆರೋಗ್ಯ ಎರಡೂ ಇರಲಿ. ಇಲ್ಲಿಂದ ದೂರದಲ್ಲಿರಲಿ.

ಇಂತಿ,
ನಿಮ್ಮ ನಾದಿನಿಯಾಗಿದ್ದವಳು