ಟಿವಿಯೊಳಗಿನ ನವಿಲು

೧೪ ಜುಲೈ ೨೦೨೫, ಸೋಮವಾರ

ಸಂಜಿತನಕ ಟಿವಿ ನನ್ನ ತಲಿ ತಿಂತು. ಬ್ಯಾರೆ ಮಾನಿಟರ್ ಯಾಕಂತ ಹುಬ್ಬಳ್ಳಿಯಿಂದ ತಂದ ಹಳೇ ಸಿಪಿಯು ಅದಕ್ಕ ಜೋಡಿಸಿದ್ರ, ಬರೇ ಕರೀ ಸ್ಕ್ರೀನ್. ಕಡೀಕ ರಿಮೋಟಿನ್ಯಾಗ ಸೋರ್ಸ್ ಬಟನ್ ಒತ್ತಿದೆ. ಬಂತು ನೋಡು, ಗ್ವಾಡಿ ಮ್ಯಾಲ ಕಂಪ್ಯೂಟರ್!

ಮೊದಲು ಹಾಕಿದ್ದು ನಾ ಮೊನ್ನೆ ನೇಯ್ದ ನವಿಲಿನ ಜಮಖಾನದ ಫೋಟೋ. ಟಿವಿ ತುಂಬ ದೊಡ್ಡದಾಗಿ ಬಂತು, ಒಂದೊಂದು ಎಳಿನೂ ಬೆರಳಿನಷ್ಟು ದಪ್ಪ. ಕಣ್ಣು ಮಂಜಾದಾಗಿಂದ ನಮ್ಮತ್ತಿ ಮಗ್ಗದ ಕಡೆ ಬಂದಿಲ್ಲ, ನನ್ನ ಕೆಲಸಕ್ಕ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಇವತ್ತ ಎದ್ದು ಟಿವಿ ಹತ್ರ ಹೋಗಿ, ಬೆರಳಿಟ್ಟು ಎಣಿಸಿದ್ರು.

“ನವಿಲಿನ ಕುತ್ತಿಗಿಗೆ ಒಂದು ಎಳಿ ಕಡಿಮಿ ಐತಲ್ಲ, ರುಬಿಯಾ! ಯಾರಿಗೂ ಕಾಣೂದಿಲ್ಲ ಅಂದ್ಕೊಂಡ್ಯಾ?”

ಹೌದು, ಹಂಗ ಅಂದ್ಕೊಂಡಿದ್ದೆ. ಎರಡು ವರ್ಷದ ಮ್ಯಾಲ ಅತ್ತಿ ಬೈದ್ರು. ಅಗದಿ ಖುಷಿ ಆತು. ನಾಳೆ ಅವರಿಗಿ ತೋರಸಾಕ ಇನ್ನೊಂದು ತಪ್ಪು ಹುಡುಕಿ ಇಡಬೇಕು.